ಹಳೇ ಕಾರು ಕಾದಾಗ ಸ್ಟಾರ್ಟ್ ಆಗ್ತಿಲ್ವಾ? ಬಾನೆಟ್ ಆರುವ ಮೊದಲೇ ದೋಷ ಹಿಡಿಯುವ ಕ್ರಮ

ಬೆಳಿಗ್ಗೆ ಒಂದೇ ಸೆಲ್ಫಿಗೆ ಸ್ಟಾರ್ಟ್ (ಸೆಲ್ಫ್ ಅಂದರೆ ಇಂಜಿನ್ ತಿರುಗಿಸುವ ಸ್ಟಾರ್ಟರ್ ಮೋಟರ್). ಚಿತ್ರದುರ್ಗದಿಂದ ದಾವಣಗೆರೆವರೆಗೆ ಸುಮಾರು 60 ಕಿಲೋಮೀಟರ್ ಒಂದು ತಕರಾರಿಲ್ಲದೆ ಓಡುತ್ತದೆ. ಪಿ.ಬಿ. ರಸ್ತೆಯಲ್ಲಿ ನಿಲ್ಲಿಸಿ, ಬೆಣ್ಣೆ ದೋಸೆ ತಿಂದು, ಇಪ್ಪತ್ತು ನಿಮಿಷ ಬಿಟ್ಟು ಬಂದು ಕೀ ತಿರುಗಿಸಿದರೆ ಗಾಡಿ ಏಳುವುದಿಲ್ಲ. ಬಿಸಿಲಲ್ಲಿ ನಿಂತು ಒಂದು ಗಂಟೆ ಕಳೆದರೆ ಮತ್ತೆ ಒಂದೇ ಸೆಲ್ಫಿಗೆ ಸ್ಟಾರ್ಟ್.

ಈ ತೊಂದರೆ ಹೇಳಿಕೊಂಡು ಬರುವವರೆಲ್ಲ ಹೆಚ್ಚುಕಡಿಮೆ ಒಂದೇ ಮಾತು ಹೇಳುತ್ತಾರೆ: "ಬ್ಯಾಟರಿ ಹೊಸದು ಹಾಕಿಸಿದೆ, ಪ್ಲಗ್ ಹಾಕಿಸಿದೆ, ಕಾಯಿಲ್ ಹಾಕಿಸಿದೆ, ಆದ್ರೂ ಅದೇ ಕಥೆ." ಯಾಕೆ ಹೀಗೆ? ಗ್ಯಾರೇಜು ಮುಟ್ಟುವಷ್ಟರಲ್ಲಿ ಇಂಜಿನ್ ಆರಿರುತ್ತದೆ, ದೋಷ ಅಡಗಿರುತ್ತದೆ. ಮೇಸ್ತ್ರಿ ಕೀ ತಿರುಗಿಸಿದ ಕೂಡಲೇ ಸ್ಟಾರ್ಟ್ ಆಗುತ್ತದೆ. ಅಲ್ಲಿಂದ ಮುಂದೆ ನಡೆಯುವುದೆಲ್ಲ ಊಹೆ. ಊಹೆಯ ಮೇಲೆ ಒಂದೊಂದೇ ಪಾರ್ಟ್ ಬದಲಾಗುತ್ತದೆ, ದುಡ್ಡು ನಿಮ್ಮದು.

ಆದ್ದರಿಂದ ಈ ಕೆಲಸಕ್ಕೆ ನಿಯಮ ಒಂದೇ. ಗಾಡಿ ಹಟ ಹಿಡಿದ ಹೊತ್ತಿನಲ್ಲೇ, ಬಾನೆಟ್ ಬಿಸಿ ಇರುವಾಗಲೇ ಪರೀಕ್ಷೆ ಮಾಡಬೇಕು. ನಿಮಗೆ ಸಿಗುವುದು ಹದಿನೈದು ಇಪ್ಪತ್ತು ನಿಮಿಷ. ಅಷ್ಟರಲ್ಲಿ ಏನನ್ನು ಮೊದಲು, ಏನನ್ನು ಆಮೇಲೆ ನೋಡಬೇಕು ಅನ್ನುವುದು ಮೊದಲೇ ಗೊತ್ತಿರಬೇಕು.

ಇಲ್ಲಿ ಹೇಳಿರುವುದು ಪೆಟ್ರೋಲ್ ಕಾರುಗಳಿಗೆ. ಪದ್ಮಿನಿ, ಅಂಬಾಸಿಡರ್, ಹಳೇ ಮಾರುತಿ 800, ಓಮ್ನಿಯಂಥ ಕಾರ್ಬೊರೇಟರ್ (ಪೆಟ್ರೋಲ್, ಗಾಳಿ ಬೆರೆಸುವ ಭಾಗ) ಗಾಡಿಗಳಿಗೂ, ಆಮೇಲೆ ಬಂದ, ಕಂಪ್ಯೂಟರ್ ಲೆಕ್ಕದಲ್ಲಿ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಷನ್ ಗಾಡಿಗಳಿಗೂ ಹೊಂದುತ್ತದೆ. ಡೀಸೆಲ್ ಗಾಡಿಯ ಲೆಕ್ಕವೇ ಬೇರೆ, ಅದನ್ನು ಇಲ್ಲಿ ಸೇರಿಸಿಲ್ಲ.

## ನಿಲ್ಲಿಸಿದ ಮೇಲೆ ಬಿಸಿ ಏರುತ್ತದೆ, ಇಳಿಯುವುದಿಲ್ಲ

ಇಂಜಿನ್ ಆಫ್ ಮಾಡಿದ ಕೂಡಲೇ ಎಲ್ಲ ತಣ್ಣಗಾಗತೊಡಗುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಬಾನೆಟ್ ಒಳಗೆ ಆಗುವುದು ಉಲ್ಟಾ. ನೀರು ಸುತ್ತುವುದು ನಿಂತಿತು, ಎದುರುಗಾಳಿ ನಿಂತಿತು. ಆದರೆ ಕಾದ ಬ್ಲಾಕು, ಹೊಗೆ ಹೋಗುವ ಮ್ಯಾನಿಫೋಲ್ಡು ಬಿಸಿ ಕಾರುತ್ತಲೇ ಇರುತ್ತವೆ. ಹೀಗಾಗಿ ನಿಲ್ಲಿಸಿದ 10ರಿಂದ 30 ನಿಮಿಷದ ನಡುವೆ ಕಾರ್ಬೊರೇಟರ್, ಪೆಟ್ರೋಲ್ ಪೈಪು, ಪ್ಲಗ್ಗಿನ ಕಿಡಿಗೆ ಕರೆಂಟ್ ಕೊಡುವ ಕಾಯಿಲ್, ಸೆಲ್ಫ್ ಮೋಟರ್ ಇವೆಲ್ಲ ಓಡುವಾಗ ಇದ್ದದ್ದಕ್ಕಿಂತ ಜಾಸ್ತಿ ಕಾದಿರುತ್ತವೆ.

ಇದರಲ್ಲೇ ಮೊದಲ ಸುಳಿವು ಇದೆ. ಆಫ್ ಮಾಡಿದ ಒಂದೆರಡು ನಿಮಿಷಕ್ಕೆ ಸ್ಟಾರ್ಟ್ ಆಗುತ್ತದೆ, ಹದಿನೈದು ನಿಮಿಷಕ್ಕೆ ಆಗುವುದಿಲ್ಲ ಅಂದರೆ ಈ ಏರಿದ ಬಿಸಿಯೇ ಕಾರಣ. ಆಫ್ ಮಾಡಿದ ಕೂಡಲೇ ಹೊಡೆದರೂ ಆಗುವುದಿಲ್ಲ ಅಂದರೆ ಸೆಲ್ಫು, ಬ್ಯಾಟರಿ ವೈರು, ಟ್ಯಾಪೆಟ್ (ಇಂಜಿನ್ ವಾಲ್ವ್ ಒತ್ತಿ ತೆರೆಯುವ ಭಾಗ) ಕಡೆ ಅನುಮಾನ ಜಾಸ್ತಿ.

ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಗುತ್ತಿದ್ದರೆ, ರೇಡಿಯೇಟರ್ ನೀರು ಕಮ್ಮಿಯಾಗುತ್ತಿದ್ದರೆ ಮೊದಲು ಅದನ್ನು ಸರಿಮಾಡಿಸಿ. ಓವರ್‌ಹೀಟ್ ಆಗುವ ಇಂಜಿನ್ ಮೇಲೆ ಈ ಪರೀಕ್ಷೆಗಳನ್ನು ಮಾಡಬೇಡಿ.

## ಡಿಕ್ಕಿಯಲ್ಲಿ ಇರಬೇಕಾದ ಸಾಮಾನು

ಒಂದು ಡಿಜಿಟಲ್ ಮಲ್ಟಿಮೀಟರ್. ಬೆಲೆಯ ಮೀಟರೇ ಬೇಕಿಲ್ಲ, ವೋಲ್ಟು ಮತ್ತು ಓಮ್ ತೋರಿಸಿದರೆ ಸಾಕು. ನಿಮ್ಮ ಗಾಡಿಗೆ ಹೊಂದುವ ಪ್ಲಗ್ ಪಾನಾ. ಒಂದು ಹೊಸ ಪ್ಲಗ್, ಅಥವಾ ಅಂಗಡಿಯಲ್ಲಿ ಸಿಗುವ ಸ್ಪಾರ್ಕ್ ಟೆಸ್ಟರ್. ಎರಡು ಬದಿಗೂ ಕ್ಲಿಪ್ ಇರುವ ಒಂದು ಮೊಳ ವೈರು. ಎರಡು ಹಳೇ ಬನಿಯನ್ ಬಟ್ಟೆ, ಎರಡು ಬಾಟ್ಲಿ ನೀರು. ದಪ್ಪ ಕೈಗವಸು, ಟಾರ್ಚು. ಇಂಜೆಕ್ಷನ್ ಗಾಡಿಯಾದರೆ ಮೊಬೈಲಿಗೆ ಜೋಡಿಸುವ ಸ್ಕ್ಯಾನರ್ ಇದ್ದರೆ ಒಳ್ಳೆಯದು. ಆದರೆ ತೀರ ಹಳೇ ಮಾಡೆಲ್‌ಗಳಲ್ಲಿ ಅದು ಮಾತಾಡುವುದಿಲ್ಲ.

ಬೆಂಕಿ ಆರಿಸುವ ಪುಡಿಯ ಸಣ್ಣ ಸಿಲಿಂಡರ್ ಬೇಕೇ ಬೇಕು. ಪೆಟ್ರೋಲು, ಕಿಡಿ, ಕಾದ ಕಬ್ಬಿಣ ಮೂರೂ ಒಂದೇ ಕಡೆ ಇರುವ ಕೆಲಸ ಇದು.

ಕೊನೆಯದಾಗಿ ಒಬ್ಬ ಜೊತೆಗಾರ. ಒಬ್ಬರು ಕೀ ಹತ್ತಿರ, ಒಬ್ಬರು ಬಾನೆಟ್ ಹತ್ತಿರ. ಒಬ್ಬರೇ ಓಡಾಡಿ ಮಾಡಿದರೆ ಹದಿನೈದು ನಿಮಿಷ ಅದರಲ್ಲೇ ಹೋಗುತ್ತದೆ.

## ಕೈ ಹಾಕುವ ಮುಂಚೆ

ಗಾಡಿ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ, ಚಕ್ರಕ್ಕೆ ಕಲ್ಲು ಕೊಟ್ಟಿರಲಿ. ರೇಡಿಯೇಟರ್ ಮುಚ್ಚಳ ಮುಟ್ಟಲೇಬೇಡಿ. ಒಳಗಿನ ನೀರು ಒತ್ತಡದಲ್ಲಿ 100 ಡಿಗ್ರಿ ದಾಟಿರಬಹುದು, ಮುಚ್ಚಳ ತಿರುಗಿಸಿದರೆ ಮುಖಕ್ಕೇ ಹಾರುತ್ತದೆ. ಕರೆಂಟ್ ಫ್ಯಾನ್ ಇರುವ ಕೆಲವು ಗಾಡಿಗಳಲ್ಲಿ ಕೀ ತೆಗೆದಿದ್ದರೂ ಫ್ಯಾನ್ ತಾನಾಗಿ ತಿರುಗುತ್ತದೆ. ಟವೆಲ್, ದುಪಟ್ಟಾ, ಸಡಿಲ ತೋಳು ಅಲ್ಲಿ ಬೇಡ. ಉಂಗುರ, ಕೈಗಡಿಯಾರ ತೆಗೆದಿಡಿ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಕಿಡಿಯ ಪರೀಕ್ಷೆ ಹತ್ತಿರ ನಿಲ್ಲಬಾರದು.

ಇನ್ನೊಂದು ಮಾತು. ಕಾದ ಇಂಜಿನ್ ಮೇಲೆ ಬಕೆಟ್ಟಿನಲ್ಲಿ ನೀರು ಸುರಿಯುವವರನ್ನು ನಮ್ಮ ಹೈವೇ ಮೇಲೆ ನೋಡುತ್ತಲೇ ಇರುತ್ತೇನೆ. ದಯವಿಟ್ಟು ಬೇಡ. ಬ್ಲಾಕು, ಹೆಡ್ಡು, ಮ್ಯಾನಿಫೋಲ್ಡು ಬಿರುಕು ಬಿಟ್ಟರೆ ಚಿಕ್ಕ ದೋಷಕ್ಕೆ ದೊಡ್ಡ ಬಿಲ್ಲು ಬರುತ್ತದೆ.

## ಹಂತ 1: ದೋಷವನ್ನು ಬೇಕೆಂದೇ ಬರಿಸಿ

ಹೈವೇ ಪಕ್ಕದಲ್ಲಿ, ಲಾರಿಗಳು ಹಾಯುವ ಕಡೆ ಪರೀಕ್ಷೆ ಬೇಡ. ಮನೆ ಹತ್ತಿರ, ನಿಮಗೆ ಬೇಕಾದ ಹೊತ್ತಿಗೆ ಗಾಡಿ ಕೈಕೊಡುವ ಹಾಗೆ ಮಾಡಿ. ದಾವಣಗೆರೆಯವರು ಮಧ್ಯಾಹ್ನ ಹರಿಹರಕ್ಕೆ ಹೋಗಿ ಬನ್ನಿ. ಚಿತ್ರದುರ್ಗದವರು ಜೋಗಿಮಟ್ಟಿ ದಾರಿಯ ಏರು ಹತ್ತಿ ಇಳಿಯಿರಿ. ಬಂದು ನಿಲ್ಲಿಸಿ, ಆಫ್ ಮಾಡಿ, ಬಾನೆಟ್ ತೆರೆಯದೆ 15 ನಿಮಿಷ ಬಿಡಿ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 38, 40ಕ್ಕೆ ಏರಿದಾಗ ಇದಕ್ಕಿಂತ ಜಾಸ್ತಿ ಏನೂ ಮಾಡಬೇಕಿಲ್ಲ.

ಒಂದು ಚೀಟಿಯಲ್ಲಿ ನಾಲ್ಕು ವಿಷಯ ಬರೆದುಕೊಳ್ಳಿ: ಎಷ್ಟು ದೂರ ಓಡಿತು, ಎಷ್ಟು ನಿಮಿಷ ನಿಂತಿತ್ತು, ಪೆಟ್ರೋಲ್ ವಾಸನೆ ಬಂತಾ, ಸೆಲ್ಫ್ ಸದ್ದು ಹೇಗಿತ್ತು. ಬರೆಯುವುದನ್ನು ಸುಮಾರು ಜನ ಬಿಡುತ್ತಾರೆ. ಮೂರು ಸಲ ಬರೆದು ಜೊತೆಗಿಟ್ಟು ನೋಡಿ, ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

## ಹಂತ 2: ಸೆಲ್ಫ್ ಸದ್ದು ಕೇಳಿ

ಕೀ ತಿರುಗಿಸಿ, ಐದು ಸೆಕೆಂಡ್ ಕೇಳಿ, ಬಿಡಿ. ಮುಂದಿನ ದಾರಿ ಎಲ್ಲ ಈ ಐದು ಸೆಕೆಂಡಿನ ಮೇಲೆ ನಿಂತಿದೆ.

ಬರೀ "ಟಕ್" ಅಂದು ಸುಮ್ಮನಾದರೆ, ಅಥವಾ "ಉಂಯ್... ಉಂಯ್..." ಅಂತ ನಿಧಾನಕ್ಕೆ ಎಳೆದರೆ ತೊಂದರೆ ತಿರುಗಿಸುವ ಕಡೆ ಇದೆ. ಹಂತ 3ಕ್ಕೆ ಹೋಗಿ. ಬೆಳಿಗ್ಗೆಯಂತೆ ಚುರುಕಾಗಿ ತಿರುಗುತ್ತದೆ, ಆದರೆ ಹಿಡಿಯುವುದಿಲ್ಲ ಅಂದರೆ ಬ್ಯಾಟರಿ, ಸೆಲ್ಫ್ ಎರಡೂ ಸರಿ ಇವೆ. ಅವುಗಳ ಮೇಲೆ ಒಂದು ರೂಪಾಯಿ ಖರ್ಚು ಮಾಡಬೇಡಿ, ನೇರ ಹಂತ 4ಕ್ಕೆ ಹೋಗಿ. ತಿರುಗುವ ಸದ್ದು ಯಾವತ್ತಿಗಿಂತ ಹಗುರ, ಒಂದೇ ಸಮನೆ "ಗಿರ್ರ್" ಅಂತ, ನಡುವೆ ಏರಿಳಿತವೇ ಇಲ್ಲದೆ ಬಂದರೆ ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ಇಲ್ಲ. ಅದು ಹಂತ 7.

ಒಂದು ಸಲಕ್ಕೆ 10 ಸೆಕೆಂಡಿಗಿಂತ ಜಾಸ್ತಿ ಸೆಲ್ಫ್ ಹೊಡೆಯಬೇಡಿ. ನಡುವೆ ಅರ್ಧದಿಂದ ಒಂದು ನಿಮಿಷ ಬಿಡುವು ಕೊಡಿ. ಸಿಟ್ಟಿನಲ್ಲಿ ಒಂದೇ ಸಮ ಹೊಡೆದು ಸೆಲ್ಫ್ ಸುಟ್ಟುಕೊಂಡರೆ ಒಂದು ದೋಷ ಎರಡಾಗುತ್ತದೆ.

## ಹಂತ 3: ಸೆಲ್ಫ್ ಎತ್ತದಿದ್ದರೆ

ಮೀಟರ್ ಅನ್ನು ಬ್ಯಾಟರಿಗೆ ಹಿಡಿಯಿರಿ. ಸುಮ್ಮನೆ ಇರುವಾಗ 12.6 ವೋಲ್ಟ್ ಆಸುಪಾಸು ಇದ್ದರೆ ತುಂಬಿದೆ ಅಂತ. 12.2 ಅಂದರೆ ಅರ್ಧ. ಈಗ ಜೊತೆಗಾರರಿಗೆ ಸೆಲ್ಫ್ ಹೊಡೆಯಲು ಹೇಳಿ. ಹೊಡೆಯುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಎರಡರಲ್ಲಿ ಒಂದು: ಬ್ಯಾಟರಿ ಸೋತಿದೆ, ಇಲ್ಲವೇ ಸೆಲ್ಫ್ ಮೋಟರ್ ಅಳತೆ ಮೀರಿ ಕರೆಂಟ್ ಎಳೆಯುತ್ತಿದೆ. ಬೇರೆ ಗಾಡಿಯ ಒಳ್ಳೇ ಬ್ಯಾಟರಿ ಜೋಡಿಸಿದರೂ ನಿಧಾನವೇ ಆದರೆ ಬ್ಯಾಟರಿ ತಪ್ಪಲ್ಲ.

ವೋಲ್ಟು ಬೀಳದೆಯೂ ಸೆಲ್ಫ್ ಸೋತರೆ ವೈರುಗಳನ್ನು ನೋಡಿ. ಈ ಪರೀಕ್ಷೆಯನ್ನು ಗ್ಯಾರೇಜುಗಳಲ್ಲಿ ಮಾಡುವುದು ಕಮ್ಮಿ, ಆದರೆ ಇಷ್ಟು ಸುಲಭವಾಗಿ ಉತ್ತರ ಕೊಡುವ ಪರೀಕ್ಷೆ ಇನ್ನೊಂದಿಲ್ಲ. ಮೀಟರಿನ ಕೆಂಪು ಮುಳ್ಳು ಬ್ಯಾಟರಿಯ ಪ್ಲಸ್ ಸೀಸದ ಮೇಲೆ, ಕಪ್ಪು ಮುಳ್ಳು ಸೆಲ್ಫಿನ ದಪ್ಪ ವೈರಿನ ಬೋಲ್ಟಿನ ಮೇಲೆ. ಸೆಲ್ಫ್ ಹೊಡೆಯುತ್ತಿರುವಾಗ 0.5 ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ನಡುವೆ ಎಲ್ಲೋ ಕರೆಂಟಿಗೆ ಅಡ್ಡಿ ಇದೆ: ಪಾಚಿಗಟ್ಟಿದ ಟರ್ಮಿನಲ್, ಒಳಗೇ ಹಸಿರಾದ ತಂತಿ. ಆಮೇಲೆ ಕಪ್ಪು ಮುಳ್ಳು ಬ್ಯಾಟರಿಯ ಮೈನಸ್ ಸೀಸದ ಮೇಲೆ, ಕೆಂಪು ಮುಳ್ಳು ಇಂಜಿನ್ನಿನ ಬರೀ ಲೋಹದ ಮೇಲೆ. ಇಲ್ಲಿ 0.3 ದಾಟಬಾರದು. ದಾಟಿದರೆ ಅರ್ಥಿಂಗ್ ಪಟ್ಟಿ ಹಾಳಾಗಿದೆ. ಹೊಸ ಪಟ್ಟಿಗೆ ಆಗುವ ಖರ್ಚು ಬ್ಯಾಟರಿಯ ಖರ್ಚಿನ ಹತ್ತಿರವೂ ಬರುವುದಿಲ್ಲ.

ಲೋಹ ಕಾದಂತೆ ಕರೆಂಟಿಗೆ ಅಡ್ಡಿ ಜಾಸ್ತಿಯಾಗುತ್ತದೆ. ತಣ್ಣಗಿದ್ದಾಗ ಹೇಗೋ ಸಾಕಾಗುತ್ತಿದ್ದ ಸವೆದ ವೈರು, ಸವೆದ ಕಾರ್ಬನ್ ಬ್ರಷ್ಷು ಬಿಸಿಯಲ್ಲಿ ಕೈಬಿಡುವುದು ಇದಕ್ಕೇ.

ಬರೀ "ಟಕ್" ಸದ್ದು ಅಥವಾ ಸದ್ದೇ ಇಲ್ಲ ಅಂದರೆ ಸೆಲ್ಫಿನ ಸೊಲೆನಾಯ್ಡಿಗೆ (ಸೆಲ್ಫ್ ಮೋಟರಿಗೆ ಕರೆಂಟ್ ಬಿಡುವ ಸ್ವಿಚ್) ಬರುವ ಸಣ್ಣ ವೈರಿನಲ್ಲಿ ಎಷ್ಟು ವೋಲ್ಟು ಬರುತ್ತಿದೆ ನೋಡಿ. ಕೀ ತಿರುಗಿಸಿದಾಗ 10ಕ್ಕಿಂತ ಕಮ್ಮಿ ಬಂದರೆ ಕೀ ಸ್ವಿಚ್ಚಿನ ಒಳಗಿನ ಪಾಯಿಂಟ್ ಸವೆದಿದೆ, ಇಲ್ಲವೇ ವೈರು ಸೋತಿದೆ. ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಒಂದು ರಿಲೇ ಹಾಕಿಸಿ, ಬ್ಯಾಟರಿಯಿಂದಲೇ ನೇರ ಕರೆಂಟ್ ಕೊಡಿಸಿದರೆ ಸರಿಹೋಗುತ್ತದೆ. 12 ವೋಲ್ಟಿನ ಹತ್ತಿರ ಬರುತ್ತಿದ್ದೂ ಎತ್ತದಿದ್ದರೆ ಸೆಲ್ಫ್ ಬಿಚ್ಚಿಸಿ: ಬ್ರಷ್, ಬುಷ್, ಸೊಲೆನಾಯ್ಡ್.

ಡಿಸ್ಟ್ರಿಬ್ಯೂಟರ್ (ಕಿಡಿಯ ಕರೆಂಟನ್ನು ಒಂದೊಂದೇ ಪ್ಲಗ್ಗಿಗೆ ಹಂಚುವ ಭಾಗ) ಇರುವ ಗಾಡಿಗಳಿಗೆ ಇನ್ನೊಂದು ಕಾರಣವಿದೆ. ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು, ಜಾಸ್ತಿ ಮುಂದಕ್ಕೆ ಇಟ್ಟಿದ್ದರೆ ಕಾದ ಇಂಜಿನ್ ತಿರುಗುವಾಗ ಹಿಂದಕ್ಕೆ ಒದೆಯುತ್ತದೆ, ಸೆಲ್ಫ್ ತಡವರಿಸುತ್ತದೆ. ಕಾಯಿಲ್‌ನಿಂದ ಡಿಸ್ಟ್ರಿಬ್ಯೂಟರ್ ನಡುವಿಗೆ ಬರುವ ದಪ್ಪ ವೈರನ್ನು ಡಿಸ್ಟ್ರಿಬ್ಯೂಟರ್ ಕಡೆಯಿಂದ ಕಿತ್ತು, ಅದರ ತುದಿಯನ್ನು ಕ್ಲಿಪ್ ವೈರಿನಿಂದ ಇಂಜಿನ್ನಿಗೆ ಅರ್ಥ್ ಮಾಡಿ ಸೆಲ್ಫ್ ಹೊಡೆಯಿರಿ. ಈಗ ಸಲೀಸಾಗಿ ತಿರುಗಿದರೆ ಸೆಲ್ಫ್ ಬಿಚ್ಚುವುದು ಬೇಡ, ಟೈಮಿಂಗ್ ಹೊಂದಿಸಿದರೆ ಮುಗಿಯಿತು.

## ಹಂತ 4: ತಿರುಗುತ್ತದೆ, ಹಿಡಿಯುವುದಿಲ್ಲ. ಮೊದಲು ಕಿಡಿ ನೋಡಿ

ಪೆಟ್ರೋಲ್ ಕಡೆಗಿಂತ ಮೊದಲು ಕಿಡಿ ಯಾಕೆ? ಒಂದನೇದು, ಒಂದೇ ನಿಮಿಷದ ಕೆಲಸ. ಎರಡನೇದು, ಪೆಟ್ರೋಲ್ ಪೈಪು ಬಿಚ್ಚಿದ ಮೇಲೆ ಕಿಡಿ ಹಾರಿಸುವುದು ಅಪಾಯ. ಈ ಕ್ರಮ ತಪ್ಪಿಸಬೇಡಿ.

ಒಂದು ಪ್ಲಗ್ ವೈರು ಕಿತ್ತು, ಹೊಸ ಪ್ಲಗ್ಗಿಗೆ ಸಿಕ್ಕಿಸಿ. ಆ ಪ್ಲಗ್ಗಿನ ಲೋಹದ ಮೈಯನ್ನು ಕ್ಲಿಪ್ ವೈರಿನಿಂದ ಇಂಜಿನ್ನಿನ ಲೋಹಕ್ಕೆ ಗಟ್ಟಿಯಾಗಿ ಜೋಡಿಸಿ, ಕಾರ್ಬೊರೇಟರಿನಿಂದ ದೂರ ಇಡಿ. ಕೈಯಲ್ಲಿ ಹಿಡಿಯಬೇಡಿ. ಜೊತೆಗಾರರು ಸೆಲ್ಫ್ ಹೊಡೆಯಲಿ. ಬಾನೆಟ್ ನೆರಳು ಮಾಡಿ ನೋಡಿದರೆ ನೀಲಿ ಕಿಡಿ "ಚಟ್ ಚಟ್" ಅಂತ ಹಾರಬೇಕು. ಹಳದಿ, ಸಣಕಲು, ಬಿಟ್ಟುಬಿಟ್ಟು ಬರುವ ಕಿಡಿ ಕಿಡಿಯಲ್ಲ. ವೈರನ್ನು ಸುಮ್ಮನೆ ಗಾಳಿಯಲ್ಲಿ ಬಿಟ್ಟು ಸೆಲ್ಫ್ ಹೊಡೆಯುವ ಅಭ್ಯಾಸ ಬಿಡಿ. ಎಲೆಕ್ಟ್ರಾನಿಕ್ ಇಗ್ನಿಷನ್ ಗಾಡಿಯಲ್ಲಿ ಅದರಿಂದ ಕಿಡಿ ನಡೆಸುವ ಮಾಡ್ಯೂಲ್ ಸಾಯಬಹುದು.

ಕಿಡಿ ಚೆನ್ನಾಗಿದ್ದರೆ ವೈರು ಮತ್ತೆ ಸಿಕ್ಕಿಸಿ ಹಂತ 5ಕ್ಕೆ ಹೋಗಿ. ಇಲ್ಲದಿದ್ದರೆ ಬಿಸಿಗೆ ಸೋಲುವ ಸಾಮಾನು ಇವು:

ಡಿಸ್ಟ್ರಿಬ್ಯೂಟರಿನಲ್ಲಿ ಪಾಯಿಂಟ್ (ಕಾಯಿಲ್ ಕರೆಂಟ್ ಕಡಿದು ಕಿಡಿ ಹಾರಿಸುವ ಸ್ವಿಚ್) ಇರುವ ಹಳೇ ಗಾಡಿಯಲ್ಲಿ ಮೊದಲ ಅನುಮಾನ ಅದರ ಜೊತೆಗಿರುವ ಸಣ್ಣ ಡಬ್ಬಿ, ಕಂಡೆನ್ಸರ್ ಮೇಲೆ. ತಣ್ಣಗಿದ್ದಾಗ ಸರಿ, ಕಾದಾಗ ಸೋರುತ್ತದೆ. ಪಾಯಿಂಟ್ ಮುಖ ಕಪ್ಪಗೆ ಸುಟ್ಟಿದ್ದರೆ ಅನುಮಾನ ಗಟ್ಟಿ. ಎಲ್ಲಕ್ಕಿಂತ ಅಗ್ಗದ ಪಾರ್ಟ್ ಇದೇ. ಒಂದು ಒಳ್ಳೇ ಕಂಡೆನ್ಸರ್ ಡಿಕ್ಕಿಯಲ್ಲಿ ಇಟ್ಟುಕೊಂಡಿರಿ.

ಎರಡನೇದು ಕಾಯಿಲ್. ಬೆಳಿಗ್ಗೆ ತಣ್ಣಗಿದ್ದಾಗ ಸಣ್ಣ ಟರ್ಮಿನಲ್‌ಗಳ ನಡುವೆಯೂ, ಸಣ್ಣದರಿಂದ ನಡುವಿನ ದಪ್ಪ ಬಾಯಿಗೂ ಓಮ್ ಅಳೆದು ಬರೆದಿಡಿ. ಈಗ ಕಾದಾಗ ಅಳೆಯಿರಿ. ಸ್ವಲ್ಪ ಏರುವುದು ಸಹಜ. ಮೀಟರ್ ಸಂಖ್ಯೆಯನ್ನೇ ತೋರಿಸದಿದ್ದರೆ ಒಳಗಿನ ಸುತ್ತು ಬಿಸಿಗೆ ಬಿಟ್ಟುಕೊಂಡಿದೆ. ಅಳತೆ ಸರಿ ಇದ್ದೂ ಅನುಮಾನವಿದ್ದರೆ ಕೀ ತೆಗೆದು, ಪ್ಲಾಸ್ಟಿಕ್ ಚೀಲದಲ್ಲಿ ಐಸ್ ಕಟ್ಟಿ ಕಾಯಿಲ್ ಮೈಗೆ ಐದು ನಿಮಿಷ ಹಿಡಿಯಿರಿ. ನೀರು ಟರ್ಮಿನಲ್‌ಗೆ ತಾಗದಿರಲಿ. ಕಿಡಿ ವಾಪಸ್ ಬಂದರೆ ಕಳ್ಳ ಸಿಕ್ಕಿದ. ಇದರ ಉಲ್ಟಾ ಪರೀಕ್ಷೆಯನ್ನು ಮನೆಯಲ್ಲೇ ಮಾಡಬಹುದು: ತಣ್ಣಗಿರುವ ಗಾಡಿಯಲ್ಲಿ ಕೂದಲು ಒಣಗಿಸುವ ಡ್ರೈಯರ್‌ನಿಂದ ಅದೊಂದೇ ಪಾರ್ಟ್ ಬಿಸಿ ಮಾಡಿ ಕಿಡಿ ನಿಲ್ಲುತ್ತದಾ ನೋಡುವುದು.

ಎಲೆಕ್ಟ್ರಾನಿಕ್ ಇಗ್ನಿಷನ್ ಇದ್ದರೆ ಮಾಡ್ಯೂಲ್ ಮತ್ತು ಪಿಕಪ್ ಕಾಯಿಲ್ (ಪಾಯಿಂಟಿನ ಬದಲು ಇರುವ ಸೆನ್ಸರ್) ಮೇಲೆ ಇದೇ ಐಸ್, ಡ್ರೈಯರ್ ಪರೀಕ್ಷೆ ನಡೆಯುತ್ತದೆ. ಇಂಜೆಕ್ಷನ್ ಗಾಡಿಯಲ್ಲಿ, ಇಂಜಿನ್ ತಿರುಗುವುದನ್ನು ಕಂಪ್ಯೂಟರಿಗೆ ತಿಳಿಸುವ ಕ್ರ್ಯಾಂಕ್ ಸೆನ್ಸರ್ ಈ ದೋಷಕ್ಕೆ ಹೆಸರುವಾಸಿ. ಅದರ ಗುರುತು ಹೇಳುತ್ತೇನೆ: ಕಿಡಿಯೂ ಇಲ್ಲ, ಪೆಟ್ರೋಲ್ ಚಿಮ್ಮುವುದೂ ಇಲ್ಲ, ಎರಡೂ ಒಟ್ಟಿಗೇ ನಿಂತಿರುತ್ತವೆ. ಸೆಲ್ಫ್ ಹೊಡೆಯುವಾಗ ಸ್ಕ್ಯಾನರಿನಲ್ಲಿ ಆರ್‌ಪಿಎಂ ಸೊನ್ನೆ ಅಂತಲೇ ತೋರಿಸುತ್ತದೆ. ಓಡುತ್ತಿದ್ದಾಗ ಕಾದು, ಒಂದೇ ಸಲಕ್ಕೆ ಕೀ ತೆಗೆದ ಹಾಗೆ ಆಫ್ ಆಗುವುದೂ ಇದರದ್ದೇ ಎಚ್ಚರಿಕೆ. ಹಾಗೆ ಆಗುತ್ತಿದ್ದರೆ ಹೈವೇಗೆ ಹೋಗುವ ಮುಂಚೆ ಬದಲಿಸಿ.

## ಹಂತ 5: ಕಾರ್ಬೊರೇಟರ್ ಗಾಡಿಯಲ್ಲಿ ಪೆಟ್ರೋಲ್

ಕಿಡಿ ಚೆನ್ನಾಗಿದೆ ಅಂದಮೇಲೆ ಪ್ರಶ್ನೆ ಒಂದೇ: ಪೆಟ್ರೋಲ್ ಕಮ್ಮಿಯಾಯ್ತಾ, ಜಾಸ್ತಿಯಾಯ್ತಾ? ಹೆಚ್ಚಿನವರು ತಪ್ಪುವುದು ಇಲ್ಲೇ. ಎರಡಕ್ಕೂ ಮದ್ದು ಬೇರೆ ಬೇರೆ. ಒಂದಕ್ಕೆ ಕೊಡುವುದನ್ನು ಇನ್ನೊಂದಕ್ಕೆ ಕೊಟ್ಟರೆ ಗಾಡಿ ಇನ್ನೂ ಮಲಗುತ್ತದೆ.

ಪೆಟ್ರೋಲಿನ ಹಗುರ ಅಂಶ 40 ಡಿಗ್ರಿ ಆಸುಪಾಸಿನಲ್ಲೇ ಆವಿಯಾಗತೊಡಗುತ್ತದೆ. ಬಾನೆಟ್ ಒಳಗಿನ ಬಿಸಿ ಅದಕ್ಕಿಂತ ಎಷ್ಟೋ ಮೇಲೆ. ಓಡುವಾಗ ಟ್ಯಾಂಕಿನಿಂದ ತಣ್ಣನೆಯ ಪೆಟ್ರೋಲ್ ಹರಿದು ಬರುತ್ತಿರುತ್ತದೆ, ಹಾಗಾಗಿ ತೊಂದರೆಯಿಲ್ಲ. ನಿಂತಾಗ ಎರಡರಲ್ಲಿ ಒಂದು ಆಗುತ್ತದೆ. ಪೈಪು ಮತ್ತು ಪಂಪಿನಲ್ಲಿ ಆವಿ ತುಂಬಿ ಪೆಟ್ರೋಲ್ ಮುಂದೆ ಬರುವುದಿಲ್ಲ. ನಮ್ಮ ಮೇಸ್ತ್ರಿಗಳು ಇದನ್ನು ಏರ್ ಲಾಕ್ ಅನ್ನುತ್ತಾರೆ. ಇಲ್ಲವೇ ಕಾರ್ಬೊರೇಟರ್ ಬೌಲಿನಲ್ಲಿ (ಪೆಟ್ರೋಲ್ ನಿಲ್ಲುವ ಬಟ್ಟಲು) ಇರುವ ಪೆಟ್ರೋಲ್ ಹಾಲು ಉಕ್ಕಿದ ಹಾಗೆ ಉಕ್ಕಿ ಇಂಜಿನ್ ಒಳಗೆ ಸುರಿಯುತ್ತದೆ. ಇದು ಓವರ್.

ಹೀಗೆ ಬೇರ್ಪಡಿಸಿ. ಕೀ ಆಫ್ ಇರಲಿ. ಏರ್ ಫಿಲ್ಟರ್ ಮುಚ್ಚಳ ತೆಗೆಯಿರಿ. ಮುಖ ಸ್ವಲ್ಪ ದೂರ ಇಟ್ಟು ಟಾರ್ಚಿನಿಂದ ಕಾರ್ಬೊರೇಟರ್ ಗಂಟಲು ನೋಡುತ್ತಾ ಎಕ್ಸಲೇಟರ್ ತಂತಿಯನ್ನು ಒಮ್ಮೆ ಕೈಯಿಂದ ಎಳೆಯಿರಿ. ಸೂಜಿಯಂಥ ಪೆಟ್ರೋಲ್ ಧಾರೆ ಚಿಮ್ಮಿದರೆ ಬೌಲಿನಲ್ಲಿ ಪೆಟ್ರೋಲ್ ಇದೆ. ಧಾರೆ ಬರದಿದ್ದರೆ, ಬರೀ ಗುಳ್ಳೆ ಬಂದರೆ ಬೌಲು ಖಾಲಿ. ಗಂಟಲಿನ ಒಳಗೋಡೆ ಒದ್ದೆಯಾಗಿದ್ದು ವಾಸನೆ ಮೂಗಿಗೆ ಹೊಡೆದರೆ ಓವರ್. ಹೀಗೆ ಬಗ್ಗಿ ನೋಡುವಾಗ ಯಾರೂ ಸೆಲ್ಫ್ ಹೊಡೆಯಬಾರದು. ಇಂಜಿನ್ ಹಿಂದಕ್ಕೆ ಉಗುಳಿದರೆ ಬೆಂಕಿ ಮುಖಕ್ಕೆ ಬರುತ್ತದೆ.

ಬೌಲು ಖಾಲಿ ಇದ್ದರೆ: ಬಟ್ಟೆ ನೆನೆಸಿ, ಹಿಂಡಿ, ಪೆಟ್ರೋಲ್ ಪಂಪ್ ಮತ್ತು ಕಾರ್ಬೊರೇಟರ್‌ಗೆ ಹೋಗುವ ಪೈಪಿನ ಮೇಲೆ ಸುತ್ತಿ. ಐದು ನಿಮಿಷದಲ್ಲಿ ಎರಡು ಸಲ ನೀರು ಬದಲಿಸಿ. ಮ್ಯಾನಿಫೋಲ್ಡ್ ಮೇಲೆ ನೀರು ತೊಟ್ಟಿಕ್ಕಬಾರದು. ಆಮೇಲೆ ಸ್ಟಾರ್ಟ್ ಆದರೆ ಆವಿಯೇ ಕಾರಣ. ಇನ್ನು ಆವಿ ಯಾಕಾಗುತ್ತಿದೆ ಅಂತ ಪೈಪಿನ ದಾರಿ ಹಿಡಿದು ನೋಡಿ. ರಬ್ಬರ್ ಪೈಪು ಬದಲಿಸಿದಾಗ ಉದ್ದ ಜಾಸ್ತಿಯಾಗಿ ಮ್ಯಾನಿಫೋಲ್ಡ್ ಹತ್ತಿರ ಜೋತುಬಿದ್ದಿರುತ್ತದೆ. ಮ್ಯಾನಿಫೋಲ್ಡ್ ಮೇಲಿನ ತಗಡಿನ ಹೊದಿಕೆ ತುಕ್ಕು ಹಿಡಿದು ಬಿದ್ದುಹೋಗಿರುತ್ತದೆ, ಯಾರೂ ವಾಪಸ್ ಹಾಕಿರುವುದಿಲ್ಲ. ಟ್ಯಾಂಕಿಗೆ ವಾಪಸ್ ಹೋಗುವ ಸಣ್ಣ ಪೈಪನ್ನು "ಬೇಡ ಬಿಡಿ" ಅಂತ ಮುಚ್ಚಿರುತ್ತಾರೆ. ಆ ಪೈಪು ಇರುವುದೇ ಆವಿ ಹೊರಹೋಗಲಿ ಅಂತ. ಈಗಿನ ಎಥನಾಲ್ ಬೆರೆತ ಪೆಟ್ರೋಲಿಗೆ ಹಳೇ ರಬ್ಬರ್ ಪೈಪು ಉಬ್ಬುತ್ತದೆ, ಮೆತ್ತಗಾಗುತ್ತದೆ. ಒತ್ತಿ ನೋಡಿ, ಅನುಮಾನವಿದ್ದರೆ ಇಂಜೆಕ್ಷನ್ ಗಾಡಿಗೆ ಬಳಸುವ ದರ್ಜೆಯ ಪೈಪು ಹಾಕಿಸಿ.

ಟ್ಯಾಂಕ್ ಮುಚ್ಚಳವನ್ನೂ ತೆಗೆದು ನೋಡಿ. ತೆಗೆದಾಗ "ಸುಸ್ಸ್" ಅಂತ ಗಾಳಿ ಒಳಗೆ ಎಳೆದುಕೊಂಡು, ಆಮೇಲೆ ಗಾಡಿ ಸ್ಟಾರ್ಟ್ ಆದರೆ ಮುಚ್ಚಳದ ಗಾಳಿರಂಧ್ರ ಕಟ್ಟಿದೆ.

ಓವರ್ ಆಗಿದ್ದರೆ: ಎಕ್ಸಲೇಟರ್ ಪಂಪ್ ಮಾಡಬೇಡಿ. ಪ್ರತಿ ಪಂಪಿಗೂ ಇನ್ನಷ್ಟು ಪೆಟ್ರೋಲ್ ಒಳಗೆ ಹೋಗುತ್ತದೆ. ಚೋಕ್ ಅಂತೂ ಎಳೆಯಲೇಬೇಡಿ. ಪೆಡಲ್ ನಿಧಾನಕ್ಕೆ ಕೊನೆವರೆಗೆ ಒತ್ತಿ, ಹಾಗೇ ಹಿಡಿದು, 8 ಸೆಕೆಂಡ್ ಸೆಲ್ಫ್ ಹೊಡೆಯಿರಿ. ಕರೀ ಹೊಗೆ ಉಗುಳಿ ಎದ್ದರೆ ಓವರ್ ಅನ್ನುವುದು ಖಚಿತ. ಬೌಲಿನ ಪೆಟ್ರೋಲ್ ಮಟ್ಟ ಕಾಯುವ ಫ್ಲೋಟ್ ಜಾಸ್ತಿ ಮಟ್ಟಕ್ಕೆ ಹೊಂದಿಸಿರಬಹುದು, ಅದು ಮುಚ್ಚುವ ಸೂಜಿ ವಾಲ್ವ್ ಸವೆದಿರಬಹುದು, ಇಲ್ಲವೇ ಬೌಲಿಗೆ ನೇರ ಬಿಸಿ ತಾಗುತ್ತಿರಬಹುದು.

ಆ ಕೊನೆಯದನ್ನು ನನ್ನ ಹಳೇ 800ರಲ್ಲೇ ಅನುಭವಿಸಿದ್ದೇನೆ. ಕಾರ್ಬೊರೇಟರ್ ಸರ್ವಿಸ್ ಮಾಡಿಸಿದ ಮೇಲೆ ಶುರುವಾದ ತೊಂದರೆ. ಪ್ಲಗ್, ಕಾಯಿಲ್, ಕೊನೆಗೆ ಬ್ಯಾಟರಿ, ಎಲ್ಲ ಬದಲಿಸಿದೆ. ಭರಮಸಾಗರದಲ್ಲಿ ಚಹಾಕ್ಕೆ ನಿಲ್ಲಿಸಿ, ಮನೆಯವರನ್ನು ಮಕ್ಕಳ ಸಮೇತ ಬಸ್ಸು ಹತ್ತಿಸಿದ ದಿನವೂ ಇದೆ. ಒಂದು ಭಾನುವಾರ ಟಾರ್ಚು ಹಿಡಿದು ನೋಡುತ್ತಿದ್ದೆ. ಕಾರ್ಬೊರೇಟರ್ ಕೂರಿಸುವ ಸ್ಟಡ್ಡುಗಳ ತುದಿ ನಟ್ಟಿನ ಮೇಲೆ ಅರ್ಧ ಬೆರಳಿನಷ್ಟು ಎದ್ದು ನಿಂತಿತ್ತು. ಆ ಭಾಗದ ಮರೆ (ನಟ್ಟು ಕೂರುವ ತಿರುಪಿನ ಗೆರೆ) ಮಾತ್ರ ಹೊಳೆಯುತ್ತಿತ್ತು, ಎಣ್ಣೆ ಜಿಡ್ಡು ಇರಲಿಲ್ಲ. ಅಂದರೆ ಮೊದಲು ನಟ್ಟು ಇನ್ನೂ ಮೇಲಿತ್ತು. ಕಾರ್ಬೊರೇಟರ್ ಕೆಳಗೆ ಬಿಸಿ ತಡೆಯಲು ಇದ್ದ ದಪ್ಪ ಕರೀ ಬ್ಲಾಕನ್ನು ಜೋಡಿಸುವಾಗ ಬಿಟ್ಟು, ಬರೀ ತೆಳು ಪ್ಯಾಕಿಂಗ್ ಹಾಕಿದ್ದರು. ಕಾದ ಮ್ಯಾನಿಫೋಲ್ಡ್ ಮೇಲೆ ಬೌಲು ನೇರ ಕೂತಿತ್ತು. ಹಳೇ ಪಾರ್ಟ್ ಅಂಗಡಿಯಲ್ಲಿ ಆ ಬ್ಲಾಕು ಸಿಕ್ಕಿತು, ಹಾಕಿಸಿದೆ, ಮುಗಿಯಿತು. ಹಾಗಾಗಿ ನಿಮ್ಮ ಗಾಡಿಯ ತೊಂದರೆಯೂ ಯಾವುದೋ ರಿಪೇರಿ ಆದಮೇಲೆ ಶುರುವಾಗಿದ್ದರೆ, ಆ ರಿಪೇರಿ ಆದ ಜಾಗವನ್ನೇ ಮೊದಲು ಕಣ್ಣಿಟ್ಟು ನೋಡಿ.

## ಹಂತ 6: ಇಂಜೆಕ್ಷನ್ ಗಾಡಿಯಲ್ಲಿ ಪೆಟ್ರೋಲ್

ಕೀ ಆನ್ ಮಾಡಿ, ಸೆಲ್ಫ್ ಹೊಡೆಯಬೇಡಿ. ಹಿಂದಿನ ಸೀಟಿನ ಹತ್ತಿರ ಕಿವಿ ಕೊಟ್ಟರೆ ಎರಡು ಮೂರು ಸೆಕೆಂಡ್ "ಝೂಂ" ಅಂತ ಪಂಪಿನ ಸದ್ದು ಬರಬೇಕು. ಕಾದಾಗ ಈ ಸದ್ದು ಇಲ್ಲದಿದ್ದರೆ ಮೊದಲು ಪಂಪಿನ ಫ್ಯೂಸು, ಆಮೇಲೆ ರಿಲೇ ನೋಡಿ. ಅದೇ ನಂಬರಿನ, ಅದೇ ಕಾಲುಗಳಿರುವ ಇನ್ನೊಂದು ರಿಲೇ ಅದೇ ಪೆಟ್ಟಿಗೆಯಲ್ಲಿದ್ದರೆ ಅದಲುಬದಲು ಮಾಡಿ. ಎದ್ದರೆ ರಿಲೇ. ಏಳದಿದ್ದರೆ ಪಂಪಿನ ತುದಿಯಲ್ಲಿ 12 ವೋಲ್ಟ್ ಬರುತ್ತಿದೆಯಾ ಅಳೆಯಿರಿ. ಬರುತ್ತಿದ್ದೂ ಪಂಪ್ ಸುಮ್ಮನಿದ್ದರೆ ಪಂಪ್ ಹೋಗಿದೆ. ಟ್ಯಾಂಕಿನ ಒಳಗಿನ ಪಂಪ್ ತಣ್ಣಗಿರುವುದೇ ಸುತ್ತಲಿನ ಪೆಟ್ರೋಲಿನಿಂದ. ಬೇಸಿಗೆಯಲ್ಲಿ ಯಾವಾಗಲೂ ರಿಸರ್ವ್‌ನಲ್ಲೇ ಓಡಿಸುವ ಗಾಡಿಯಲ್ಲಿ ಅದು ಬೇಗ ಸಾಯುತ್ತದೆ. ಕಾಲು ಟ್ಯಾಂಕಾದರೂ ಇರಲಿ.

ಪಂಪ್ ಸದ್ದು ಇದೆ, ಕಿಡಿ ಇದೆ, ಆದರೂ ತುಂಬಾ ಹೊತ್ತು ಹೊಡೆಯಬೇಕು ಅಂದರೆ ಈ ಸುಲಭ ಪರೀಕ್ಷೆ ಮಾಡಿ: ಕೀ ಆನ್, ಮೂರು ಸೆಕೆಂಡ್, ಆಫ್. ಹೀಗೆ ನಾಲ್ಕು ಸಲ ಮಾಡಿ ಆಮೇಲೆ ಸೆಲ್ಫ್ ಹೊಡೆಯಿರಿ. ಒಂದೇ ಸಲಕ್ಕೆ ಎದ್ದರೆ, ನಿಂತಾಗ ಪೈಪಿನ ಒತ್ತಡ ಇಳಿದುಹೋಗುತ್ತಿದೆ ಅಂತ. ಪಂಪಿನ ವಾಲ್ವ್, ಪ್ರೆಷರ್ ರೆಗ್ಯುಲೇಟರ್, ಸೋರುವ ಇಂಜೆಕ್ಟರ್ ಈ ಮೂರರಲ್ಲಿ ಒಂದು. ಯಾವುದು ಅಂತ ಪ್ರೆಷರ್ ಗೇಜ್ ಇರುವ ಗ್ಯಾರೇಜಿನಲ್ಲೇ ನೋಡಿಸಬೇಕು. ಒತ್ತಡದ ಪೈಪನ್ನು ಮನೆಯಲ್ಲಿ ಬಿಚ್ಚಬೇಡಿ.

ಪ್ಲಗ್ ತೆಗೆದಾಗ ಒದ್ದೆ, ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ ಬರುತ್ತಿದೆ. ಇಲ್ಲಿ ಮರೆಯಬಾರದ್ದು ಟೆಂಪರೇಚರ್ ಸೆನ್ಸರ್. ಅದು ಕೆಟ್ಟರೆ ಕಾದ ಇಂಜಿನ್ ತಣ್ಣಗಿದೆ ಅಂತ ಕಂಪ್ಯೂಟರಿಗೆ ಸುಳ್ಳು ಹೇಳುತ್ತದೆ. ಕಂಪ್ಯೂಟರ್ ಚಳಿಗಾಲದ ಬೆಳಿಗ್ಗೆಯ ಲೆಕ್ಕದಲ್ಲಿ ಪೆಟ್ರೋಲ್ ಸುರಿಯುತ್ತದೆ. ಬಹಳಷ್ಟು ಗಾಡಿಗಳಲ್ಲಿ ಈ ಸೆನ್ಸರ್ 20 ಡಿಗ್ರಿಯಲ್ಲಿ ಎರಡೂವರೆ ಸಾವಿರ ಓಮ್ ಹತ್ತಿರ, 80 ಡಿಗ್ರಿಯಲ್ಲಿ 300 ಓಮ್ ಹತ್ತಿರ ತೋರಿಸುತ್ತದೆ. ಕಾದಾಗಲೂ ಸಾವಿರದ ಲೆಕ್ಕದಲ್ಲೇ ಇದ್ದರೆ ಬದಲಿಸಿ. ಗೇಜಿನ ಮುಳ್ಳಿಗೆ ಕೆಲವು ಗಾಡಿಗಳಲ್ಲಿ ಬೇರೆ ಸೆನ್ಸರ್ ಇರುತ್ತದೆ. "ಮುಳ್ಳು ಸರಿ ತೋರಿಸ್ತಿದೆ ಅಲ್ವಾ" ಅಂತ ಬಿಡಬೇಡಿ.

ಟ್ಯಾಂಕ್ ಫುಲ್ ಮಾಡಿಸಿದ ತಕ್ಷಣ ಮಾತ್ರ ಈ ತೊಂದರೆ ಬರುತ್ತಿದ್ದರೆ, ಟ್ಯಾಂಕಿನ ಆವಿಯನ್ನು ಇಂಜಿನ್ನಿಗೆ ಬಿಡುವ ಪರ್ಜ್ ವಾಲ್ವ್ ತೆರೆದೇ ಉಳಿದಿದೆಯಾ ನೋಡಿಸಿ. ಕೀ ಮತ್ತು ಬೀಗದ ಚಿತ್ರದ ದೀಪ ಡ್ಯಾಶಿನಲ್ಲಿ ಮಿಟುಕುತ್ತಿದ್ದರೆ ಇಷ್ಟೆಲ್ಲ ಬೇಡ, ಅದು ಕೀ ಗುರುತಿಸುವ ಇಮ್ಮೊಬಿಲೈಸರ್ ತಕರಾರು.

## ಹಂತ 7: ಕಿಡಿ, ಪೆಟ್ರೋಲ್ ಎರಡೂ ಇದ್ದರೆ ಟ್ಯಾಪೆಟ್

ಲೋಹ ಕಾದರೆ ಹಿಗ್ಗುತ್ತದೆ. ಟ್ಯಾಪೆಟ್ ಸದ್ದೇ ಬರಬಾರದು ಅಂತ ಬಿಗಿ ಮಾಡಿಸಿದ ಗಾಡಿಯಲ್ಲಿ, ಕಾದಾಗ ವಾಲ್ವ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ, ಕಂಪ್ರೆಷನ್ ಸೋರುತ್ತದೆ. ತಣ್ಣಗಾದರೆ ಗ್ಯಾಪ್ ವಾಪಸ್ ಬರುತ್ತದೆ, ಗಾಡಿ ಏಳುತ್ತದೆ. ಗ್ಯಾಸ್ ಕಿಟ್ (ಎಲ್‌ಪಿಜಿ, ಸಿಎನ್‌ಜಿ) ಮೇಲೆ ವರ್ಷಗಟ್ಟಲೆ ಓಡಿದ ಗಾಡಿಯಲ್ಲಿ ವಾಲ್ವ್ ಸೀಟ್ ಸವೆದು ಈ ಗ್ಯಾಪ್ ತಾನಾಗಿಯೇ ಕಮ್ಮಿಯಾಗುತ್ತದೆ. ತಣ್ಣಗಿದ್ದಾಗ ಒಮ್ಮೆ, ಕಾದಾಗ ಒಮ್ಮೆ ಕಂಪ್ರೆಷನ್ ಅಳೆಸಿ. ಕಾದಾಗ ಒಂದೆರಡು ಸಿಲಿಂಡರಿನಲ್ಲಿ ಬಹಳ ಬಿದ್ದರೆ ಟ್ಯಾಪೆಟ್ ಅನ್ನು ಕಂಪನಿ ಹೇಳಿದ ಅಳತೆಗೇ, ಫೀಲರ್ ಗೇಜ್ ಹಾಕಿ ಹೊಂದಿಸಲಿ. ಕಿವಿಯ ಅಂದಾಜು ಬೇಡ.

## ಹಂತ 8: ಮೇಸ್ತ್ರಿ ಹತ್ತಿರ ಹೋದಾಗ

"ಸ್ಟಾರ್ಟ್ ಆಗಲ್ಲ, ನೋಡಿ" ಅನ್ನಬೇಡಿ. ಚೀಟಿ ತೆಗೆದು ಹೀಗೆ ಹೇಳಿ: "ಅಣ್ಣಾ, ಇಪ್ಪತ್ತು ಕಿಲೋಮೀಟರ್ ಓಡಿಸಿ ಹದಿನೈದು ನಿಮಿಷ ನಿಲ್ಲಿಸಿದ್ರೆ ಏಳಲ್ಲ. ಸೆಲ್ಫ್ ಚೆನ್ನಾಗಿ ತಿರುಗುತ್ತೆ. ಆ ಹೊತ್ತಲ್ಲಿ ಕಿಡಿ ಇರಲ್ಲ. ಕಾಯಿಲ್‌ಗೆ ಐಸ್ ಹಿಡಿದ್ರೆ ಬರುತ್ತೆ." ಇಷ್ಟು ಹೇಳಿದರೆ ಒಳ್ಳೇ ಮೇಸ್ತ್ರಿ ನೇರ ಆ ಜಾಗಕ್ಕೇ ಕೈ ಹಾಕುತ್ತಾರೆ. ಸಾಧ್ಯವಾದರೆ ಅವರನ್ನೇ ಕೂರಿಸಿಕೊಂಡು ಒಂದು ಸುತ್ತು ಹೋಗಿ ಬಂದು, ಗ್ಯಾರೇಜಿನ ಮುಂದೆಯೇ ಹದಿನೈದು ನಿಮಿಷ ನಿಲ್ಲಿಸಿ.

ಒಂದು ಸಲಕ್ಕೆ ಒಂದೇ ಪಾರ್ಟ್ ಬದಲಿಸಲಿ. ಮೂರು ಒಟ್ಟಿಗೆ ಬದಲಾದರೆ ಯಾವುದರಿಂದ ಸರಿಹೋಯ್ತು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಬಿಚ್ಚಿದ ಹಳೇ ಪಾರ್ಟ್ ಕೇಳಿ ಇಸಕೊಳ್ಳಿ.

## ಹಂತ 9: ಸರಿಹೋಗಿದೆ ಅಂತ ನಂಬುವ ಮೊದಲು

ಗ್ಯಾರೇಜಿನಲ್ಲಿ ಎರಡು ಸಲ ಸ್ಟಾರ್ಟ್ ಆದದ್ದು ಲೆಕ್ಕಕ್ಕಿಲ್ಲ. ಹಂತ 1ರಲ್ಲಿ ಹೋದ ದಾರಿಯಲ್ಲೇ, ಅದೇ ಮಧ್ಯಾಹ್ನದ ಬಿಸಿಲಲ್ಲಿ ಮತ್ತೆ ಹೋಗಿ ಬನ್ನಿ. ಬಾನೆಟ್ ತೆರೆಯದೆ ಮೊದಲು 10 ನಿಮಿಷ, ಮಾರನೇ ದಿನ 20, ಅದರ ಮಾರನೇ ದಿನ 30 ನಿಮಿಷ ನಿಲ್ಲಿಸಿ ಕೀ ತಿರುಗಿಸಿ. ಒಂದು ದಿನ ಏಳದಿದ್ದರೂ ಹೊಸ ಪಾರ್ಟ್ ತಪ್ಪು ಊಹೆ. ಆಗ ಚೀಟಿ ಹಿಡಿದು ಹಂತ 2ರಿಂದ ಮತ್ತೆ ಶುರುಮಾಡಿ. ಮೂರು ದಿನವೂ ಒಂದೇ ಸೆಲ್ಫಿಗೆ ಎದ್ದರೆ, ಡಿಕ್ಕಿಯಲ್ಲಿಟ್ಟ ಹಳೇ ಪಾರ್ಟನ್ನು ಗುಜರಿಗೆ ಹಾಕಬಹುದು.